ಇಂಡಿಯಾನಾ ಜೋನ್ಸ್ ಬ್ಯಾಗನ್ನು ಕಾಡಿಗೂ ಹಾಕಿಕೊಂಡು ಹೋಗಬೇಕಾದರೆ

ಹಾಲಿವುಡ್ ಸಿನಿಮಾಗಳ ಸಾಹಸಿ ನಾಯಕ ಇಂಡಿಯಾನಾ ಜೋನ್ಸ್‌ನ ಹೆಗಲಿನ ಚೀಲ ಸಿನಿಮಾಕ್ಕೆಂದೇ ಹುಟ್ಟಿದ್ದಲ್ಲ. ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಸೈನಿಕರ ಗ್ಯಾಸ್ ಮಾಸ್ಕ್ ಚೀಲ ಅದು, ಹೆಸರು ಮಾರ್ಕ್ 7. ಮೊದಲ ಸಿನಿಮಾದ ಕಥೆ ನಡೆಯುವುದು 1936ರಲ್ಲಿ, ಚೀಲ ಬಂದದ್ದು ಅದಾದ ಮೇಲೆ! ಸಿನಿಮಾದವರು ಅದಕ್ಕೆ ಚರ್ಮದ ಪಟ್ಟಿ ಹಾಕಿದರು. ಈಗ ಸಿಗುವ ನಕಲುಗಳಲ್ಲೂ ಕ್ಯಾನ್ವಾಸ್ ಚೀಲ, ಚರ್ಮದ ಪಟ್ಟಿ. ನಾನು ಇದನ್ನು ಸಿನಿಮಾ, ಕಾಮಿಕ್ಸ್ ಪಾತ್ರಗಳ ವೇಷ ಹಾಕಿಕೊಂಡು ಹೋಗುವ ಕಾಮಿಕ್ ಕಾನ್ ಮೇಳಕ್ಕೂ ಹಾಕುತ್ತೇನೆ, ಕುಮಾರ ಪರ್ವತಕ್ಕೂ ಹಾಕುತ್ತೇನೆ.

ಚೀಲ ಅಷ್ಟು ಸುಲಭಕ್ಕೆ ಹರಿಯುವುದಿಲ್ಲ. ಕೈಕೊಡುವುದು ಪಟ್ಟಿ ಸೇರುವ ಜಾಗ. ಹಾಗಾಗಿ ಮೊದಲು ಅಲ್ಲೇ ನೋಡಿ. ಪಟ್ಟಿಯ ಕತ್ತರಿಸಿದ ಅಂಚನ್ನು ಉಗುರಿನಿಂದ ಕೆರೆಯಿರಿ. ಒಳಗೆ ನಾರುನಾರಾಗಿ ಒಂದೇ ಪದರ ಕಂಡರೆ ಒಳ್ಳೇ ಚರ್ಮ. ಮೇಲೆ ಪ್ಲಾಸ್ಟಿಕ್ ಪೊರೆ, ಒಳಗೆ ರಟ್ಟಿನಂಥ ಪುಡಿ ಬಂದರೆ ಅದು ಚರ್ಮದ ಚೂರುಗಳನ್ನು ಅಂಟಿಸಿ ಮಾಡಿದ್ದು. ಬೆವರು, ಮಳೆ ಬಿದ್ದರೆ ಬಿರುಕು ಬಿಡುತ್ತದೆ. ವೇದಿಕೆಗೆ ಸಾಕು, ಬೆಟ್ಟಕ್ಕೆ ಬೇಡ. ಪಟ್ಟಿ ಸೇರುವ ಲೋಹದ ಬಳೆಗೆ ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಹಿತ್ತಾಳೆ ಅಲ್ಲ, ಮೇಲೆ ಲೋಹದ ಲೇಪ ಹಾಕಿದ ಕಬ್ಬಿಣ. ಬಳೆಯಲ್ಲಿ ಬೆಸುಗೆ ಇಲ್ಲದ ಬಿರುಕಿದ್ದರೆ ಭಾರಕ್ಕೆ ಬಾಯಿ ಬಿಡುತ್ತದೆ.

ಹೊಲಿಗೆ ಹತ್ತಿ ದಾರದ್ದಾದರೆ ಬದಲಿಸಿಬಿಡಿ, ಒದ್ದೆಯಾಗಿ ಒಣಗಿ ಒಣಗಿ ಅದು ಕೊಳೆಯುತ್ತದೆ. ಚಪ್ಪಲಿ ಹೊಲಿಯುವವರ ಹತ್ತಿರ ಒಯ್ದು, ನೈಲಾನ್ ದಾರದಲ್ಲಿ ಚೌಕ ಹಾಕಿ ನಡುವೆ ಅಡ್ಡಡ್ಡ ಗುಣಾಕಾರದ ಗುರುತಿನಂತೆ ಹೊಲಿಯಲು ಹೇಳಿ. ಕ್ಯಾನ್ವಾಸಿನ ಒಳಗಡೆ ಒಂದು ಚರ್ಮದ ತುಂಡನ್ನು ಇಟ್ಟೇ ಹೊಲಿಸಿ. ಇಲ್ಲದಿದ್ದರೆ ಎಳೆತವೆಲ್ಲ ಸೂಜಿ ತೂತುಗಳ ಮೇಲೆ ಬಿದ್ದು ಬಟ್ಟೆ ಸೀಳುತ್ತದೆ. ಇನ್ನೂ ಒಂದು ಕೆಲಸ ಮಾಡಿ: ಚರ್ಮದ ಪಟ್ಟಿಯ ಹಿಂಬದಿಗೆ ಉದ್ದಕ್ಕೂ ತೆಳು ನೈಲಾನ್ ಪಟ್ಟಿ ಸೇರಿಸಿ ಹೊಲಿಸಿ. ಹೊರಗೆ ಕಾಣುವುದು ಚರ್ಮವೇ, ಭಾರ ಹೊರುವುದು ನೈಲಾನು. ವೇಷ ಒಂಚೂರೂ ಕೆಡುವುದಿಲ್ಲ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೇ ಉಪಾಯ ಇಲ್ಲ.

ಹೊರಡುವ ಹಿಂದಿನ ದಿನ ಎರಡು ಲೀಟರ್ ನೀರಿನ ಬಾಟಲಿ ತುಂಬಿ ಚೀಲದೊಳಗಿಟ್ಟು, ಚೀಲವನ್ನು ಪಟ್ಟಿಯಿಂದ ಗಟ್ಟಿ ಮೊಳೆಗೆ ರಾತ್ರಿಯಿಡೀ ನೇತುಹಾಕಿ. ಬೆಳಿಗ್ಗೆ ಬಕಲ್ ಸಿಕ್ಕಿಸುವ ತೂತು ಉದ್ದವಾಗಿದ್ದರೆ ಆ ಪಟ್ಟಿಯನ್ನು ನಂಬಬೇಡಿ.

ಹೊಸ ಚರ್ಮ ಬಣ್ಣ ಬಿಡುತ್ತದೆ, ಅಲ್ವಾ? ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿಯೇ ಖಾಕಿ ಅಂಗಿಯ ಮೇಲೆ ಹಾಕಿ.

ನೆನೆದ ಚೀಲವನ್ನು ಒಲೆಯ ಹತ್ತಿರವಾಗಲಿ ಬಿಸಿಲಿಗಾಗಲಿ ಇಡಬೇಡಿ, ಚರ್ಮ ಸೆಟೆದು ಸೀಳುತ್ತದೆ. ನೆರಳಲ್ಲಿ ಗಾಳಿಗೆ ಒಣಗಿಸಿ, ಪೂರ್ತಿ ಒಣಗಿದ ಮೇಲೆ ಜೇನುಮೇಣ ಇರುವ ಪಾಲಿಶನ್ನು ತೆಳ್ಳಗೆ ಸವರಿ. ಮಳೆಗಾಲದಲ್ಲಿ ಬೂಷ್ಟು ಹಿಡಿದರೆ ನೀರು ಬೆರೆಸಿದ ವಿನೆಗರ್‌ನಲ್ಲಿ ಒರೆಸಿ ಮತ್ತೆ ಒಣಗಿಸಿ. ಎತ್ತಿಡುವಾಗ ಪ್ಲಾಸ್ಟಿಕ್ ಕವರು ಬೇಡ, ಹಳೇ ಹತ್ತಿ ದಿಂಬಿನ ಚೀಲದೊಳಗೆ ಇಡಿ.