18 ವರ್ಷದ ಸಿಂಗಲ್ ಮಾಲ್ಟ್ ಸ್ಕಾಚ್: ರುಚಿ ನೋಡುವುದು, ತೂಗುವುದು

ಸಿಂಗಲ್ ಮಾಲ್ಟ್ ಸ್ಕಾಚ್ ಎಂದರೆ ಸ್ಕಾಟ್ಲೆಂಡಿನ ಒಂದೇ ಭಟ್ಟಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದ ಇಳಿಸಿದ ವಿಸ್ಕಿ. ಬಾಟಲಿಯ ಮೇಲಿನ 18 ಎಂಬ ಅಂಕಿಯ ಅರ್ಥ ಇಷ್ಟೇ: ಒಳಗಿರುವ ವಿಸ್ಕಿಗಳಲ್ಲಿ ತೀರ ಎಳೆಯದೂ ಓಕ್ ಪೀಪಾಯಿಯಲ್ಲಿ 18 ವರ್ಷ ಕಳೆದಿದೆ. ಅಷ್ಟು ಕಾಲದಲ್ಲಿ ಮರ ಅದಕ್ಕೆ ರುಚಿ ತುಂಬಿದೆಯೋ, ಅದರ ಸ್ವಂತ ರುಚಿಯನ್ನೇ ನುಂಗಿದೆಯೋ ಎಂಬುದನ್ನು ನೀವೇ ಕಂಡುಕೊಳ್ಳಬೇಕು.

ಗ್ಲೆನ್‌ಕೇರ್ನ್‌ನಂತೆ ಹೊಟ್ಟೆ ಅಗಲ, ಬಾಯಿ ಕಿರಿದಾದ ಗ್ಲಾಸು ತೆಗೆದುಕೊಳ್ಳಿ. ಅಗಲ ಬಾಯಿಯದರಲ್ಲಿ ಘಮ ಚದುರಿಹೋಗುತ್ತದೆ. ಸೋಪಿನ ವಾಸನೆ ಉಳಿಯದಂತೆ ಬಿಸಿನೀರಲ್ಲಿ ತೊಳೆದು ಒಣಗಿಸಿ, 25 ಮಿ.ಲೀ. ಸುರಿಯಿರಿ. ಐಸ್ ಬೇಡ, ತಣ್ಣಗಾದರೆ ಘಮ ಏಳುವುದಿಲ್ಲ. ಊದುಬತ್ತಿ ಹಚ್ಚಿದ ಕೋಣೆಯೂ ಬೇಡ. ಬಣ್ಣಕ್ಕೆ ಮರುಳಾಗಬೇಡಿ, ಕ್ಯಾರಮೆಲ್ ಬಣ್ಣ ಬೆರೆಸಲು ಸ್ಕಾಚ್ ನಿಯಮಗಳಲ್ಲೇ ಅವಕಾಶವಿದೆ.

ಸುರಿದ ಮೇಲೆ 15–20 ನಿಮಿಷ ಬಿಟ್ಟುಬಿಡಿ. ಆಮೇಲೆ ಬಾಯಿ ತುಸು ತೆರೆದು, ಗ್ಲಾಸನ್ನು ಗಲ್ಲದ ಮಟ್ಟದಿಂದ ನಿಧಾನವಾಗಿ ಮೇಲೆ ತನ್ನಿ, ಚಿಕ್ಕಚಿಕ್ಕದಾಗಿ ಮೂಸಿ. ಮೂಗನ್ನು ಒಳಗೆ ತೂರಿಸಿ ಜೋರಾಗಿ ಎಳೆದರೆ ಆಲ್ಕೋಹಾಲಿನ ಘಾಟಿಗೆ ಮೂಗು ಮರಗಟ್ಟುತ್ತದೆ, ಸ್ವಲ್ಪ ಹೊತ್ತು ಬೇರೇನೂ ತಿಳಿಯುವುದಿಲ್ಲ. ಮೊದಲು ಬರ್ಬನ್ (ಅಮೆರಿಕದ ವಿಸ್ಕಿ) ತುಂಬಿದ್ದ ಪೀಪಾಯಿಯದಾದರೆ ವೆನಿಲ್ಲಾ, ಕೊಬ್ಬರಿ, ಜೇನು. ಶೆರ್ರಿ (ಸ್ಪೇನಿನ ಒಂದು ವೈನ್) ತುಂಬಿದ್ದ ಪೀಪಾಯಿಯದಾದರೆ ಒಣದ್ರಾಕ್ಷಿ, ಉತ್ತತ್ತಿ, ಕಿತ್ತಳೆ ಸಿಪ್ಪೆ, ಲವಂಗ. ವಯಸ್ಸಾದದ್ದರಲ್ಲಿ ಪಾಲಿಶ್ ಮಾಡಿದ ಹಳೆ ಮರದ, ಹೊಗೆಸೊಪ್ಪಿನ ವಾಸನೆಯೂ ಸೇರುತ್ತದೆ. ಸ್ಕಾಟ್ಲೆಂಡಿನ ಐಲಾ ದ್ವೀಪದ ಮಾಲ್ಟುಗಳ ಹೊಗೆವಾಸನೆ ವರ್ಷ ಕಳೆದಂತೆ ಮೆತ್ತಗಾಗುತ್ತದೆ, ಅದು ಕುಂದಲ್ಲ.

ಮೊದಲ ಗುಟುಕು ಬಾಯಿ ಹದವಾಗಲು ಮಾತ್ರ, ಎರಡನೆಯದರಿಂದ ಅಳೆಯಿರಿ. ಅರ್ಧ ಚಮಚದಷ್ಟನ್ನು ಹತ್ತು ಸೆಕೆಂಡು ನಾಲಿಗೆಯ ಮೇಲೂ ಕೆಳಗೂ ಆಡಿಸಿ ನುಂಗಿ. ಈಗ ಒಗರನ್ನು ಗಮನಿಸಿ. ಹಿತವಾದ ಒಗರು ಸಿಹಿಯನ್ನು ಹಿಡಿದು ನಿಲ್ಲಿಸುತ್ತದೆ. ಅತಿಯಾಗಿ ಕುದಿಸಿದ ಚಹಾ ಕುಡಿದ ಹಾಗೆ ಬಾಯಿ ಒಣಗಿ, ಹಣ್ಣಿನ ರುಚಿಯೇ ಮಾಯವಾದರೆ ಪೀಪಾಯಿಯಲ್ಲಿ ಹೆಚ್ಚು ಕಾಲ ಉಳಿದಿದೆ ಎಂದರ್ಥ. ಬೆಲೆ ಎಷ್ಟೇ ಇರಲಿ, ಅಂಥದ್ದಕ್ಕೆ ಅಂಕ ಕಡಿಮೆಯೇ. ನುಂಗಿ ಅರ್ಧ ನಿಮಿಷದ ಮೇಲೆ ಉಳಿದದ್ದು ಬರೀ ಕಹಿಯೋ, ಹಣ್ಣೂ ಇದೆಯೋ ನೋಡಿ.

ನೀರು ಆಮೇಲೆ, ಡ್ರಾಪರ್‌ನಲ್ಲಿ. ಶೇ. 46 ಆಲ್ಕೋಹಾಲಿರುವ 25 ಮಿ.ಲೀ. ವಿಸ್ಕಿಗೆ ಒಂದು ಟೀ ಚಮಚ, ಅಂದರೆ 5 ಮಿ.ಲೀ. ಬಿದ್ದರೇ ಅದು ಸುಮಾರು ಶೇ. 38ಕ್ಕೆ ಇಳಿಯುತ್ತದೆ. ಹಳೆಯ ಮಾಲ್ಟಿಗೆ ಅಷ್ಟು ಹೆಚ್ಚಾಯಿತು. ಹಣ್ಣು ತೆಳ್ಳಗಾಗಿ ಮರದ ಕಹಿ ಮುಂದೆ ಬರುತ್ತದೆ. ನಾಲ್ಕೈದು ಹನಿ ಹಾಕಿ, ಎರಡು ನಿಮಿಷ ಬಿಟ್ಟು ಮತ್ತೆ ಮೂಸಿ. ಬೆರೆಸಿದ ನೀರನ್ನು ಹಿಂತೆಗೆಯಲಾಗದು, ಆದ್ದರಿಂದ ಅರ್ಧ ಪಾಲನ್ನು ಬೇರೆ ಗ್ಲಾಸಿನಲ್ಲಿ ಹಾಗೇ ಇಡಿ.

ಕಡ್ಡಿ ಗೀರಿದ ಅಥವಾ ರಬ್ಬರಿನ ವಾಸನೆ ಗಂಧಕದ್ದು, ಶೆರ್ರಿ ಪೀಪಾಯಿಗಳಲ್ಲಿ ಹೆಚ್ಚು. ಕೆಲವೊಮ್ಮೆ ಅರ್ಧ ಗಂಟೆಯಲ್ಲಿ ಹಾರಿಹೋಗುತ್ತದೆ. ಒದ್ದೆ ರಟ್ಟಿನ ವಾಸನೆ ಕೆಟ್ಟ ಕಾರ್ಕಿನದು, ಅದಕ್ಕೆ ಮದ್ದಿಲ್ಲ. ತಳದಲ್ಲಿ ಸ್ವಲ್ಪವೇ ಉಳಿದು ತಿಂಗಳುಗಟ್ಟಲೆ ನಿಂತ ಬಾಟಲಿ ಗಾಳಿಯಿಂದ ಸಪ್ಪೆಯಾಗಿರುತ್ತದೆ, ಅದರಿಂದ ತೀರ್ಪು ಕೊಡಬೇಡಿ. ಬಾಟಲಿಯನ್ನು ಮಲಗಿಸಲೂಬೇಡಿ, ಆಲ್ಕೋಹಾಲು ಕಾರ್ಕನ್ನು ತಿನ್ನುತ್ತದೆ.

ಸಾಧ್ಯವಾದರೆ ಅದೇ ಭಟ್ಟಿಯ 12 ವರ್ಷದ್ದನ್ನು ಪಕ್ಕದಲ್ಲಿಡಿ. ಆರು ವರ್ಷ ಏನು ಮಾಡಿತೆಂದು ಇದಕ್ಕಿಂತ ಚೆನ್ನಾಗಿ ಯಾವುದೂ ತೋರಿಸದು. ಬೆಂಗಳೂರಿನ ಸಿಂಗಲ್ ಮಾಲ್ಟ್ ಅಮೃತ್ ಜೊತೆ ಮಾತ್ರ ವರ್ಷ ಲೆಕ್ಕ ಹಾಕಿ ಹೋಲಿಸಬೇಡಿ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2 ಆವಿಯಾದರೆ, ಇಲ್ಲಿನ ಸೆಕೆಗೆ ಶೇ. 10ರ ಆಸುಪಾಸು ಹೋಗುತ್ತದೆ, ಮರವೂ ಬೇಗ ಕೆಲಸ ಮಾಡುತ್ತದೆ.

ಖಾಲಿ ಗ್ಲಾಸನ್ನು ತೊಳೆಯದೆ ತಟ್ಟೆ ಮುಚ್ಚಿಟ್ಟು, ಬೆಳಗ್ಗೆ ಇನ್ನೊಮ್ಮೆ ಮೂಸಿ ಬರೆದುಕೊಳ್ಳಿ.