ಡಬ್ಬಿ ಮೇಲಿನ ಹೆಸರು ಬಿಡಿ, ಒಳಗಿನ ಚಿಪ್ ನೋಡಿ

ಹಳೆ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಡಿ ಅಂತ ನನ್ನ ಹತ್ತಿರ ಬರುವವರು ಜಾಸ್ತಿ. ಹಾಕಿಕೊಟ್ಟ ಮೇಲೆ ಬರುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: 'ವೈಫೈ ಕಾಣಿಸ್ತಿಲ್ಲ, ಯಾವ ಕಂಪನಿ ಡಾಂಗಲ್ ತಗೊಳ್ಳಲಿ?' (ಡಾಂಗಲ್ ಅಂದರೆ ಯುಎಸ್‌ಬಿಗೆ ಚುಚ್ಚುವ ಪುಟ್ಟ ವೈಫೈ ಸಾಧನ.) ಕಂಪನಿ ಯಾವುದಾದರೂ ಇರಲಿ, ಒಳಗೆ ಯಾವ ಚಿಪ್ ಇದೆ ಅಂತ ನೋಡಿ. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಗೊತ್ತಿರುವುದು ಚಿಪ್ ಮಾತ್ರ.

ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಡಾಂಗಲ್ ಉದಾಹರಣೆ ನೋಡಿ. ಮೊದಲ ವರ್ಷನ್‌ನಲ್ಲಿ ಅಥೆರೋಸ್‌ನ ಎಆರ್9271 ಚಿಪ್ ಇತ್ತು. ಅದರ ಫರ್ಮ್‌ವೇರ್ (ಚಿಪ್ ಒಳಗೆ ಓಡುವ ಸಾಫ್ಟ್‌ವೇರ್) ಕೂಡ ಓಪನ್ ಸೋರ್ಸ್. ಲಿನಕ್ಸ್‌ನವರು ಹಾಡಿ ಹೊಗಳಿದರು. ಎರಡನೇ ವರ್ಷನ್‌ನಿಂದ ರಿಯಲ್‌ಟೆಕ್ ಚಿಪ್ ಬಂತು. ಮಾಡೆಲ್ ನಂಬರ್ ಮಾತ್ರ ಅದೇ. ಹಳೆ ಹೊಗಳಿಕೆ ಓದಿ ಕೊಂಡವರಿಗೆ ಸಿಕ್ಕಿದ್ದು ಬೇರೆಯದೇ ಸಾಮಾನು. ಲೇಬಲ್ ಮೇಲೆ ಸಣ್ಣಕ್ಷರದಲ್ಲಿ ವರ್ಷನ್ ನಂಬರ್ ಇರುತ್ತದೆ, ದುಡ್ಡು ಕೊಡುವ ಮುಂಚೆ ಅದನ್ನು ಓದಿ.

ಹೊಸದು ತರುವ ಮುಂಚೆ ಇರುವುದನ್ನು ಪರೀಕ್ಷಿಸಿ. ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ ಕಮಾಂಡನ್ನು 'ಎನ್‌ಎನ್‌ಕೆ' ಆಪ್ಷನ್ ಜೊತೆ ಓಡಿಸಿ (lspci -nnk). ನೆಟ್‌ವರ್ಕ್ ಕಾರ್ಡಿನ ಸಾಲಿನಲ್ಲಿ 8086:2725 ತರಹದ ಜೋಡಿ ನಂಬರ್ ಕಾಣುತ್ತದೆ. ಮೊದಲರ್ಧ ಇಂಟೆಲ್ ಕಂಪನಿಯದು (ತನ್ನ ಹಳೆ ಪ್ರೊಸೆಸರ್ ನಂಬರನ್ನೇ ಇಟ್ಟುಕೊಂಡಿದೆ ನೋಡಿ), ಎರಡನೆಯದು ಎಎಕ್ಸ್210 ಕಾರ್ಡಿನದು. ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಅನ್ನುವ ಸಾಲು ಇಲ್ಲದಿದ್ದರೆ ಕಾರ್ಡಿಗೆ ಡ್ರೈವರ್ (ಕಾರ್ಡನ್ನು ಓಡಿಸುವ ಸಾಫ್ಟ್‌ವೇರ್) ಹತ್ತಿಲ್ಲ ಅಂತ ಅರ್ಥ. ಡ್ರೈವರ್ ಇದ್ದೂ ವೈಫೈ ಬರದಿದ್ದರೆ ಎಷ್ಟೋ ಸಲ ಫರ್ಮ್‌ವೇರ್ ಪ್ಯಾಕೇಜ್ ಇರುವುದಿಲ್ಲ, ಅದಕ್ಕೆ ಖರ್ಚೇ ಬೇಡ. ಡೆಬಿಯನ್ ಅನ್ನುವ ಲಿನಕ್ಸ್‌ನಲ್ಲಿ 12ನೇ ವರ್ಷನ್‌ನಿಂದ ಇನ್‌ಸ್ಟಾಲರ್ ಜೊತೆಗೇ ಫರ್ಮ್‌ವೇರ್ ಬರುತ್ತದೆ. ಡಾಂಗಲ್ ಆದರೆ ಎಲ್‌ಎಸ್‌ಯುಎಸ್‌ಬಿ (lsusb) ಓಡಿಸಿ. ಕೆಲವು ಡಾಂಗಲ್‌ಗಳು ಚುಚ್ಚಿದ ತಕ್ಷಣ ವಿಂಡೋಸ್ ಡ್ರೈವರ್ ತುಂಬಿದ ಸಿಡಿ ಡ್ರೈವ್ ಅಂತ ತೋರಿಸಿಕೊಳ್ಳುತ್ತವೆ. ಆ 'ಸಿಡಿ'ಯನ್ನು ಇಜೆಕ್ಟ್ ಮಾಡಿದರೆ ಸಾಮಾನ್ಯವಾಗಿ ವೈಫೈ ಆಗಿ ಏಳುತ್ತವೆ.

ಲ್ಯಾಪ್‌ಟಾಪ್‌ನಲ್ಲಿ ವೈಫೈ ಕಾರ್ಡ್ ಹಾಕುವ ಎಂ.2 ಸ್ಲಾಟ್ ಇದ್ದರೆ ನಾನು ಹೇಳುವುದು ಇಂಟೆಲ್ ಎಎಕ್ಸ್210. ಕರ್ನಲ್ 5.10 ಅಥವಾ ಅದಕ್ಕಿಂತ ಹೊಸದು ಇದ್ದರೆ ಸಾಕು. ಎಎಕ್ಸ್211 ಕೊಟ್ಟು 'ಎರಡೂ ಒಂದೇ ಸಾರ್' ಅಂದರೆ ಒಪ್ಪಬೇಡಿ. ಎಎಕ್ಸ್211ರ ಅರ್ಧ ಕೆಲಸ ಇಂಟೆಲ್ ಪ್ರೊಸೆಸರ್ ಕಡೆಯೇ ನಡೆಯುತ್ತದೆ, ಎಎಂಡಿ ಮಷೀನ್‌ಗೆ ಹಾಕಿದರೆ ಅದು ಸುಮ್ನೆ ಕೂತಿರುತ್ತದೆ. ಎಎಕ್ಸ್201ರ ಕಥೆಯೂ ಅದೇ. ಇನ್ನು ಕೆಲವು ಹಳೆ ಲ್ಯಾಪ್‌ಟಾಪ್‌ಗಳ ಬಯಾಸ್ (ಆನ್ ಮಾಡಿದಾಗ ಮೊದಲು ಓಡುವ ಸಾಫ್ಟ್‌ವೇರ್) ತನ್ನ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಬೂಟ್ ಆಗುವುದನ್ನೇ ನಿಲ್ಲಿಸುತ್ತದೆ. ಅಂಥದ್ದಕ್ಕೆ ಡಾಂಗಲ್ಲೇ ಸರಿ.

ಡಾಂಗಲ್‌ನಲ್ಲಿ ನನ್ನ ವೋಟು ಮೀಡಿಯಾಟೆಕ್‌ಗೆ. ಎಂಟಿ7612ಯು ಚಿಪ್‌ನ ಡ್ರೈವರ್ 4.19ನೇ ವರ್ಷನ್‌ನಿಂದ ಕರ್ನಲ್ ಒಳಗೇ ಇದೆ. ವೈಫೈ 6 ಬೇಕಾದರೆ ಎಂಟಿ7921ಎಯು, ಅದಕ್ಕೆ ಕರ್ನಲ್ 5.18 ಬೇಕು. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವುದರಲ್ಲಿ ರಿಯಲ್‌ಟೆಕ್ ಜಾಸ್ತಿ. 6.2ರಿಂದ ಅದರ ಕೆಲವು ಯುಎಸ್‌ಬಿ ಚಿಪ್‌ಗಳೂ ಕರ್ನಲ್‌ಗೆ ಸೇರಿವೆ, ಎಲ್ಲವನ್ನೂ ತಳ್ಳಿಹಾಕುವುದು ಬೇಡ. ಆದರೆ ಹೊರಗಿನಿಂದ ಡ್ರೈವರ್ ತಂದು ಕಂಪೈಲ್ ಮಾಡಬೇಕಾದ ಚಿಪ್ ಬೇಡವೇ ಬೇಡ. ಇವತ್ತು ಓಡುತ್ತದೆ. ನಾಳೆ ಕರ್ನಲ್ ಅಪ್‌ಡೇಟ್ ಆದಾಗ ಡ್ರೈವರ್ ಕಂಪೈಲ್ ಆಗದೆ ವೈಫೈ ಹೋಗುತ್ತದೆ. ಸರಿಮಾಡಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ವೈಫೈ ಬೇಕು! ಆ ಹೊತ್ತಿಗೆ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿಕೊಳ್ಳಿ.

ಬಿಎಸ್‌ಡಿ (ಲಿನಕ್ಸ್ ತರಹದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ಕುಟುಂಬ) ಬಳಸುವವರಿಗೆ ಆಯ್ಕೆ ಇನ್ನೂ ಕಡಿಮೆ. ಓಪನ್‌ಬಿಎಸ್‌ಡಿಯಲ್ಲಿ ಒಂದೊಂದು ಡ್ರೈವರ್‌ನ ಮ್ಯಾನ್ ಪೇಜ್‌ನಲ್ಲೂ (ಕೈಪಿಡಿ ಪುಟದಲ್ಲೂ) ಅದು ಓಡಿಸುವ ಚಿಪ್‌ಗಳ ಹೆಸರಿದೆ. ಅದನ್ನು ಓದಿಕೊಂಡೇ ಅಂಗಡಿಗೆ ಹೋಗಿ. ಎಎಕ್ಸ್210 ಅಲ್ಲೂ ನಡೆಯುತ್ತದೆ, ಆದರೆ ಫರ್ಮ್‌ವೇರ್ ಇಳಿಸಲು ಮೊದಲ ಸಲ ಕೇಬಲ್ ನೆಟ್ ಬೇಕು.

ತಂದ ದಿನವೇ ಪರೀಕ್ಷೆ ಮಾಡಿ. ಸಿಗ್ನಲ್ ಕಡ್ಡಿ ನೋಡಿದರೆ ಸಾಲದು. ದೊಡ್ಡ ಫೈಲ್ ಇಳಿಸಲು ಬಿಡಿ, ಲ್ಯಾಪ್‌ಟಾಪ್ ಮಲಗಿಸಿ ಎಬ್ಬಿಸಿ, ವೈಫೈ ತಾನಾಗೇ ವಾಪಸ್ ಬರುತ್ತದಾ ನೋಡಿ. 2.4 ಗಿಗಾಹರ್ಟ್ಸ್‌ನಲ್ಲಿ ಸಂಪರ್ಕ ಬಿಟ್ಟು ಬಿಟ್ಟು ಹೋಗುತ್ತಿದ್ದರೆ, ಪಕ್ಕದಲ್ಲಿ ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಇದೆಯಾ ಗಮನಿಸಿ. ಅದರ ಗದ್ದಲ ಈ ತರಂಗಕ್ಕೆ ಅಡ್ಡಬರುತ್ತದೆ. ಡಾಂಗಲನ್ನು ಒಂದು ಎಕ್ಸ್‌ಟೆನ್ಷನ್ ಕೇಬಲ್‌ನಲ್ಲಿ ದೂರ ಇಡಿ. ಆಗಲೂ ಸರಿಹೋಗದಿದ್ದರೆ ವೈಫೈನ ಪವರ್ ಸೇವ್ ಆಫ್ ಮಾಡಿ ನೋಡಿ. ಅದಕ್ಕೂ ಬಗ್ಗದಿದ್ದರೆ ಬಿಲ್ ಇದೆಯಲ್ವಾ, ವಾಪಸ್ ಕೊಟ್ಟು ಬನ್ನಿ.