ಕಾಫಿ ತೋಟದ ಸೆನ್ಸರ್ ಜಾಲಕ್ಕೆ ಚಗಳಿಯ ದಾರಿ, ಮಿಂಚುಹುಳದ ಗಡಿಯಾರ

ನಮ್ಮ ತೋಟ ಮೂಡಿಗೆರೆ ಹತ್ತಿರ. ಮೇಲೆ ಅರೇಬಿಕಾ, ಹಳ್ಳದ ಕಡೆ ರೋಬಸ್ಟಾ. ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಮೊದಲು ಯಾವ ಬ್ಲಾಕಿನ ಮಣ್ಣು ಎಷ್ಟು ಒಣಗಿದೆ ಅಂತ ಮನೆಯಿಂದಲೇ ತಿಳಿಯಬೇಕು ಅನ್ನಿಸಿ ಎಂಟು ಪೆಟ್ಟಿಗೆ ಮಾಡಿದೆ. ಒಂದೊಂದರಲ್ಲೂ ಮಣ್ಣಿನ ತೇವದ ಸೆನ್ಸರ್, ಪುಟ್ಟ ಕಂಪ್ಯೂಟರಿನಂಥ ಇಎಸ್‌ಪಿ32 ಬೋರ್ಡ್, ಕಡಿಮೆ ಪವರ್‌ನಲ್ಲೇ ದೂರಕ್ಕೆ ಸಂದೇಶ ಕಳಿಸುವ ಲೋರಾ ರೇಡಿಯೋ, ಲಿಥಿಯಂ ಸೆಲ್. ರೇಡಿಯೋ ಕೊಳ್ಳುವಾಗ 865–867 ಮೆಗಾಹರ್ಟ್ಸ್‌ಗೆ ಹೊಂದುವುದನ್ನೇ ಕೊಳ್ಳಿ. ಕಡಿಮೆ ಪವರ್‌ನಲ್ಲಿ ಬಳಸಿದರೆ ನಮ್ಮ ದೇಶದಲ್ಲಿ ಅದಕ್ಕೆ ಲೈಸೆನ್ಸ್ ಬೇಡ.

ಪೆಟ್ಟಿಗೆಯಿಂದ ಪೆಟ್ಟಿಗೆಗೆ ದಾಟಿ ಸಂದೇಶ ಮನೆಗೆ ಬರಬೇಕು. ಮೊದಲ ವರ್ಷ ಆ ದಾರಿಯನ್ನು ನಾನೇ ಬರೆದಿಟ್ಟಿದ್ದೆ. ಎಂಟನೇ ಪೆಟ್ಟಿಗೆ ಏಳಕ್ಕೆ, ಏಳು ಮೂರಕ್ಕೆ, ಮೂರು ಮನೆಗೆ. ಜೂನ್‌ನಲ್ಲಿ ಸಿಲ್ವರ್ ಓಕ್ ಕೊಂಬೆ ಮುರಿದು ಮೂರನೇ ಪೆಟ್ಟಿಗೆ ಮೇಲೆ ಬಿತ್ತು. ಹಳ್ಳದ ಕಡೆಯ ಪೆಟ್ಟಿಗೆಗಳು ಚೆನ್ನಾಗಿಯೇ ಇದ್ದವು, ಆದರೆ ಒಂದರ ಮಾತೂ ಮನೆ ಮುಟ್ಟಲಿಲ್ಲ.

ಮರಗಸಿ ಮಾಡುವಾಗ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವಾಗ, ಚಗಳಿ ಇರುವೆ ನೋಡಿದ್ದೀರಲ್ವಾ? ಓಡಾಡುವ ಕೊಂಬೆ ಕಡಿದರೆ ಸ್ವಲ್ಪ ಹೊತ್ತು ತುದಿಯಲ್ಲಿ ಗುಂಪುಗಟ್ಟಿ ತಡಕಾಡುತ್ತವೆ. ಆಮೇಲೆ ಬೇರೆ ಕೊಂಬೆ ಹಿಡಿದು ಸಾಲು ಶುರು. ಓಡಾಡಿದಷ್ಟೂ ದಾರಿಯ ವಾಸನೆ ಗಟ್ಟಿಯಾಗುತ್ತದೆ, ಓಡಾಟ ನಿಂತರೆ ಆರಿಹೋಗುತ್ತದೆ. ಇರುವೆಗಳ ಈ ಉಪಾಯವನ್ನು ಕಂಪ್ಯೂಟರ್ ಲೆಕ್ಕಕ್ಕೆ ಇಳಿಸಿದವರು ಇಟಲಿಯ ಮಾರ್ಕೊ ಡೊರಿಗೊ, 1992ರ ತಮ್ಮ ಪಿಎಚ್‌ಡಿಯಲ್ಲಿ.

ಪೆಟ್ಟಿಗೆಯಲ್ಲಿ ಇದನ್ನು ಹೀಗೆ ಬರೆಯಿರಿ. ಪ್ರತಿ ಪೆಟ್ಟಿಗೆಯೂ ತನ್ನ ನೆರೆಯವರಿಗೆ ಒಂದೊಂದು ಅಂಕ ಇಟ್ಟುಕೊಳ್ಳಲಿ. ನನ್ನ ಏಳನೇ ಪೆಟ್ಟಿಗೆಯಲ್ಲಿ ಮೂರಕ್ಕೆ 60, ಐದಕ್ಕೆ 30, ಆರಕ್ಕೆ 10 ಇತ್ತು ಅನ್ನಿ. ಹತ್ತು ಸಂದೇಶದಲ್ಲಿ ಸುಮಾರು ಆರು ಮೂರರ ಕಡೆ, ಮೂರು ಐದರ ಕಡೆ, ಒಂದು ಆರರ ಕಡೆ ಹೋಗಬೇಕು. ಎಲ್ಲವನ್ನೂ ಮೂರಕ್ಕೇ ಕೊಡಬೇಡಿ. ಅದರ ಸೆಲ್ ಬೇಗ ಖಾಲಿಯಾಗುತ್ತದೆ, ಬೇರೆ ದಾರಿ ಹೇಗಿದೆ ಅಂತಲೂ ಗೊತ್ತಾಗುವುದಿಲ್ಲ. ಪಕ್ಕದ ಪೆಟ್ಟಿಗೆ 'ಬಂತು' ಅಂದರೆ ಸಾಲದು, ಮನೆಯಿಂದ ಉತ್ತರ ಬಂದಾಗ ಮಾತ್ರ ಅಂಕ ಕೂಡಿಸಿ. ಈ ಒಂದು ವಿಷಯ ಅರ್ಥವಾಗಲು ನನಗೆ ಎರಡು ತಿಂಗಳು ಹಿಡಿಯಿತು.

ಇನ್ನು ಗಂಟೆಗೊಮ್ಮೆ ಎಲ್ಲ ಅಂಕವನ್ನೂ 0.9ರಿಂದ ಗುಣಿಸಿ. ಇದೇ ವಾಸನೆ ಆರುವುದು, ಇದನ್ನು ದಯವಿಟ್ಟು ಬಿಡಬೇಡಿ. ಇದಿಲ್ಲದಿದ್ದರೆ ಸತ್ತ ದಾರಿಯ ಹಳೇ ಅಂಕ ಹಾಗೇ ಕೂತಿರುತ್ತದೆ. ಆದರೆ ಯಾವುದನ್ನೂ 2ಕ್ಕಿಂತ ಕೆಳಗೆ ಇಳಿಸಬೇಡಿ, ರಿಪೇರಿಯಾದ ಪೆಟ್ಟಿಗೆಗೆ ಮತ್ತೆ ಅವಕಾಶ ಬೇಕಲ್ಲ. ಸಂದೇಶ ತೋಟದಲ್ಲೇ ಸುತ್ತುತ್ತಾ ಕೂರದಂತೆ ಆರು ಹೆಜ್ಜೆಯ ಮಿತಿ ಹಾಕಿ; ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ದಾಟಿದರೆ ಒಂದು ಹೆಜ್ಜೆ.

ಈಗ ಗಡಿಯಾರ. ಸೆಲ್ ಉಳಿಯಬೇಕಾದರೆ ಪೆಟ್ಟಿಗೆಗಳು ಜಾಸ್ತಿ ಹೊತ್ತು ಮಲಗಬೇಕು, ಆದರೆ ಒಟ್ಟಿಗೆ ಏಳಬೇಕು. ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ಒಳಗಿನ ಗಡಿಯಾರ ಹಿಂದೆ ಮುಂದೆ ಆಗುತ್ತದೆ. ಮಳೆಗಾಲದ ಮುಂಚೆ ಹಳ್ಳದ ಬದಿ ಮಿಂಚುಹುಳ ಮಿನುಗುವುದು ನೋಡಿ. ಕೆಲವು ಜಾತಿಯವು ಒಂದನ್ನೊಂದು ನೋಡಿಕೊಂಡೇ ಒಟ್ಟಿಗೆ ಮಿನುಗುತ್ತವೆ. ಇಂಥ ಮಿಡಿತಗಳು ಹೇಗೆ ಒಂದಾಗುತ್ತವೆ ಅಂತ 1990ರಲ್ಲಿ ಅಮೆರಿಕದ ಗಣಿತಜ್ಞರಾದ ಮಿರೊಲೊ ಮತ್ತು ಸ್ಟ್ರೊಗಾಟ್ಸ್ ಗಣಿತದಲ್ಲಿ ತೋರಿಸಿದರು. ಪೆಟ್ಟಿಗೆಗೂ ಅದೇ ನಿಯಮ. ಇಲ್ಲಿ ಮಿಡಿತ ಅಂದರೆ ಚಿಕ್ಕದೊಂದು ರೇಡಿಯೋ ಸಂಕೇತ: ನೆರೆಯ ಮಿಡಿತ ಕೇಳಿದರೆ ನಿಮ್ಮ ಗಡಿಯಾರವನ್ನು ಸ್ವಲ್ಪ ಮುಂದೆ ತಳ್ಳಿ. ತಾನು ಮಿಡಿದ ಕೂಡಲೇ ಒಂದೆರಡು ಸೆಕೆಂಡು ಕಿವಿ ಮುಚ್ಚಿಕೊಳ್ಳಲಿ, ಇಲ್ಲದಿದ್ದರೆ ತಡವಾಗಿ ಬಂದ ಮಿಡಿತಕ್ಕೆಲ್ಲ ಕುಣಿಯುತ್ತದೆ. ಒಂದರ ಮಿಡಿತ ಇನ್ನೊಂದಕ್ಕೆ ಕೇಳಿ ಹೊಂದಿಕೊಳ್ಳಲಿ ಅಂತ ಮೊದಲ ದಿನ ಎಲ್ಲವನ್ನೂ ಮಲಗಿಸದೆ ಎಚ್ಚರವಾಗಿಯೇ ಇಡಿ.

ಕೊನೆಗೆ, ಮಳೆ ಹಿಡಿಯುವ ಮೊದಲೇ ಒಂದು ಪೆಟ್ಟಿಗೆಯ ಸೆಲ್ ಕಿತ್ತು ನೋಡಿ. ನಾನು ಕಿತ್ತಿದ್ದು ಆ ಮೂರನೆಯದನ್ನೇ. ಸಂಜೆ ಕಾಫಿ ಹೊತ್ತಿಗೆ ಎಂಟನೆಯದರ ಮಾತು ಐದರ ಮೇಲಿಂದ ಮನೆಗೆ ಬಂದಿತ್ತು.